ಓದುಗರ ಪ್ರಶ್ನೆಗಳು: ಯೀಸ್ಟ್‌ನಲ್ಲಿ ಹುಟ್ಟುವ ಔಷಧ ಕಿಣ್ವಗಳು ಮತ್ತು ಅವುಗಳ ವಿಳಾಸ

ಆನುವಂಶಿಕ ಚಯಾಪಚಯ ರೋಗಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ, "ರೋಗಿಯ ದೇಹದಲ್ಲಿ ಇಲ್ಲದ ಕಿಣ್ವವನ್ನು ಯೀಸ್ಟ್ ಜೀವಕೋಶಗಳಲ್ಲಿ ತಯಾರಿಸಿ ಕೊಡುವ ಪ್ರಯತ್ನಗಳು ನಡೆದಿವೆ" ಎಂಬ ಒಂದೇ ಒಂದು ವಾಕ್ಯವಿತ್ತು. ಆ ಒಂದು ವಾಕ್ಯವನ್ನು ಹಿಡಿದು ಅನೇಕ ಓದುಗರು ಪತ್ರ ಬರೆದಿದ್ದಾರೆ. ಅವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಶಿಕ್ಷಕರಿದ್ದಾರೆ, ಇಂಥ ಕಾಯಿಲೆಯ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರೂ ಇದ್ದಾರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಯೀಸ್ಟ್ ಹಿಟ್ಟನ್ನು ಉಬ್ಬಿಸುವ ಒಂದು ಸೂಕ್ಷ್ಮಜೀವಿ. ಅದಕ್ಕೂ ಮನುಷ್ಯನ ದೇಹದ ಕಿಣ್ವಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಸಂಬಂಧ ಪದದಲ್ಲಿಯೇ ಇದೆ. ನಾವು ಇಂದು ಎನ್‌ಜೈಮ್‌ಗೆ ಬಳಸುವ 'ಕಿಣ್ವ' ಎಂಬ ಪದಕ್ಕೆ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ, ಮದ್ಯವನ್ನು ಹುದುಗಿಸಲು ಬೆರೆಸುವ ಹುದುಗು ಎಂದು. ಜರ್ಮನಿಯ ವಿಲ್ಹೆಲ್ಮ್ ಕ್ಯೂನ ಅವರು 1870ರ ದಶಕದಲ್ಲಿ ಗ್ರೀಕ್ ಮೂಲದಿಂದ ಕಟ್ಟಿದ 'ಎನ್‌ಜೈಮ್' ಎಂಬ ಪದಕ್ಕೂ 'ಯೀಸ್ಟ್‌ನೊಳಗಿರುವುದು' ಎಂದೇ ಅರ್ಥ. 1897ರಲ್ಲಿ ಎಡ್ವರ್ಡ್ ಬುಕ್ನರ್ ಅವರು ಯೀಸ್ಟ್ ಅನ್ನು ಮರಳಿನೊಂದಿಗೆ ಅರೆದು, ಹಿಂಡಿ, ಜೀವಕೋಶಗಳಿಲ್ಲದ ಆ ರಸಕ್ಕೆ ಸಕ್ಕರೆ ಬೆರೆಸಿದಾಗ ಅದರಿಂದ ಗುಳ್ಳೆಗಳೇಳುವುದನ್ನು ಕಂಡರು. ಹುದುಗುವಿಕೆಗೆ ಇಡೀ ಜೀವಿ ಬೇಕಿಲ್ಲ, ಅದರೊಳಗಿನ ವಸ್ತುವೇ ಸಾಕು ಎಂದು ಸಾಬೀತಾಯಿತು. 1907ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಕಿಣ್ವಗಳ ಅಧ್ಯಯನ ಯೀಸ್ಟ್‌ನಿಂದಲೇ ಹೊರಟಿತೆಂದರೆ ತಪ್ಪಾಗದು.

ಇನ್ನು ಇಂದಿನ ಸಂಬಂಧಕ್ಕೆ ಬರೋಣ. ವಂಶವಾಹಿಯ ಲಿಪಿ ಯೀಸ್ಟ್‌ಗೂ ಮನುಷ್ಯನಿಗೂ ಒಂದೇ. ಮನುಷ್ಯನ ಯಾವುದೋ ಕಿಣ್ವದ ಜೀನ್‌ನಿಂದ ನಡುವಿನ ಅನಗತ್ಯ ತುಣುಕುಗಳನ್ನು ತೆಗೆದು, ಅಚ್ಚುಕಟ್ಟಾದ ಪ್ರತಿಯನ್ನು ಯೀಸ್ಟ್‌ಗೆ ಸೇರಿಸಿದರೆ, ಅದು ಆ ಬರಹವನ್ನು ಓದಿ ಅದೇ ಪ್ರೋಟೀನನ್ನು ಕಟ್ಟುತ್ತದೆ. ಬ್ಯಾಕ್ಟೀರಿಯಾವೂ ಓದಬಲ್ಲದು, ನಿಜ. ಆದರೆ ಯೀಸ್ಟ್‌ಗೆ ನಮ್ಮ ಜೀವಕೋಶಗಳಂತೆಯೇ ಕೋಶಕೇಂದ್ರವಿದೆ, ಪ್ರೋಟೀನನ್ನು ಸರಿಯಾಗಿ ಮಡಚುವ ಎಂಡೋಪ್ಲಾಸ್ಮಿಕ್ ಜಾಲವಿದೆ, ಮಡಚಿದ್ದನ್ನು ಸಿಂಗರಿಸಿ ಹೊರಗೆ ಕಳಿಸುವ ಗಾಲ್ಜಿ ಸಂಕೀರ್ಣವಿದೆ. 1986ರಲ್ಲಿ ಹೆಪಟೈಟಿಸ್ ಬಿ ಲಸಿಕೆ ಯೀಸ್ಟ್‌ನಿಂದ ಬಂದಿತು. ಅದರ ಬೆನ್ನಿಗೆ ಇನ್ಸುಲಿನ್ ಬಂದಿತು.

ಯೀಸ್ಟ್‌ನಲ್ಲಿ ತಯಾರಿಸಿದ ಕಿಣ್ವವನ್ನು ರಕ್ತನಾಳದ ಮೂಲಕ ಕೊಡುವುದೂ ಹೊಸದಲ್ಲ. ರಾಸ್‌ಬ್ಯುರಿಕೇಸ್ ಎಂಬ ಔಷಧವು ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ. ಅದರ ಜೀನ್ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ್ದು, ಅದನ್ನು ತಯಾರಿಸುವುದು ಬೇಕರಿ ಯೀಸ್ಟ್. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಡ್ಡೆಯ ಕೋಶಗಳು ಒಮ್ಮೆಗೇ ಸತ್ತು ರಕ್ತದಲ್ಲಿ ಯೂರಿಕ್ ಆಮ್ಲ ಉಕ್ಕುವಾಗ 2000ದ ದಶಕದ ಆರಂಭದಿಂದಲೂ ಅದನ್ನು ಕೊಡಲಾಗುತ್ತಿದೆ. ಈ ಕಿಣ್ವದ ಜೀನ್ ವಿಕಾಸದ ಹಾದಿಯಲ್ಲಿ ಇಡೀ ಮನುಷ್ಯಜಾತಿಯಲ್ಲೇ ಕೆಟ್ಟುಹೋಗಿದೆ. ಒಂದರ್ಥದಲ್ಲಿ ಅದು ನಮ್ಮೆಲ್ಲರಿಗೂ ಇರುವ ಆನುವಂಶಿಕ ಕೊರತೆ.

ಪ್ರಶ್ನೆ: ನಮ್ಮ ಹತ್ತಿರದ ಸಂಬಂಧಿಕರ ಮಗುವಿಗೆ ಪಾಂಪೆ ಕಾಯಿಲೆ ಎಂದು ಗೊತ್ತಾಗಿದೆ. ಎರಡು ವಾರಕ್ಕೊಮ್ಮೆ ಗಂಟೆಗಟ್ಟಲೆ ಡ್ರಿಪ್ ಹಾಕಿಸಬೇಕಾಗಿದೆ. ಕಿಣ್ವವೇ ಬೇಕಿರುವುದಾದರೆ ಗುಳಿಗೆಯಾಗಿಯೋ ಸಿರಪ್ ಆಗಿಯೋ ಏಕೆ ಕೊಡಬಾರದು?

ಕಿಣ್ವವೆಂದರೆ ಪ್ರೋಟೀನು. ಬಾಯಿಯಿಂದ ಕೊಟ್ಟ ಪ್ರೋಟೀನು ಹೊಟ್ಟೆಯಲ್ಲಿ ಆಹಾರದಂತೆಯೇ ಜೀರ್ಣವಾಗುತ್ತದೆ. ಹಾಗೆ ಜೀರ್ಣವಾಗದೆ ಉಳಿದರೂ ಇಡಿಯಾಗಿ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವುದಿಲ್ಲ.

ಕೆಲಸ ಕರುಳಿನೊಳಗೇ ಮುಗಿಯುವಂತಿದ್ದರೆ ಮಾತು ಬೇರೆ. ಅಂಥದೊಂದು ಔಷಧವಿದೆ, ಅದರ ಹೆಸರು ಸ್ಯಾಕ್ರೋಸಿಡೇಸ್. ಹುಟ್ಟಿನಿಂದಲೇ ಸುಕ್ರೇಸ್-ಐಸೊಮಾಲ್ಟೇಸ್ ಎಂಬ ಕರುಳಿನ ಕಿಣ್ವವಿಲ್ಲದ ಮಕ್ಕಳು ಸಕ್ಕರೆ ತಿಂದರೆ ಅದು ಒಡೆಯದೆ ದೊಡ್ಡ ಕರುಳಿಗೆ ಇಳಿದು ಹೊಟ್ಟೆಯುಬ್ಬರ, ಭೇದಿ, ತೂಕ ಕುಸಿತಗಳಿಗೆ ಕಾರಣವಾಗುತ್ತದೆ. ಅವರಿಗೆ ಊಟದೊಂದಿಗೆ ಕೊಡುವ ಈ ದ್ರವವು ಬೇಕರಿ ಯೀಸ್ಟ್‌ನಿಂದ ತೆಗೆದ, ಸಕ್ಕರೆಯನ್ನು ಒಡೆಯುವ ಯೀಸ್ಟ್‌ನ ಸ್ವಂತ ಕಿಣ್ವ. ಅಮೆರಿಕದಲ್ಲಿ 1998ರಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. ಪಿಷ್ಟದ ತುಣುಕುಗಳನ್ನು ಅದು ಒಡೆಯುವುದಿಲ್ಲವಾದ್ದರಿಂದ ಪಥ್ಯ ಪೂರ್ತಿ ತಪ್ಪುವುದಿಲ್ಲ. ಆದರೂ ಆನುವಂಶಿಕ ಚಯಾಪಚಯ ದೋಷಕ್ಕೆ ಯೀಸ್ಟ್‌ನ ಕಿಣ್ವ ನೇರವಾಗಿ ಒದಗಿಬಂದ ಉದಾಹರಣೆ ಎಂದರೆ ಇದೇ.

ಪಾಂಪೆ ಕಾಯಿಲೆಯ ಸಮಸ್ಯೆ ಇರುವುದು ಜೀವಕೋಶದ ಒಳಗೆ, ಅದರಲ್ಲೂ ಲೈಸೊಸೋಮ್ ಎಂಬ ಪುಟ್ಟ ಚೀಲದ ಒಳಗೆ. 1955ರಲ್ಲಿ ಬೆಲ್ಜಿಯಂನ ಕ್ರಿಸ್ಟಿಯಾನ್ ದ ದೂವ್ ಅವರು ಗುರುತಿಸಿದ ಈ ಚೀಲದಲ್ಲಿ, ಜೀವಕೋಶದ ಉಳಿದ ಭಾಗಕ್ಕಿಂತ ಹೆಚ್ಚು ಹುಳಿಯಾದ ವಾತಾವರಣದಲ್ಲಿ, ಹಳೆಯ ವಸ್ತುಗಳನ್ನು ಬಿಡಿಬಿಡಿಯಾಗಿ ಕಳಚುವ ಸುಮಾರು 60 ಕಿಣ್ವಗಳಿರುತ್ತವೆ. ಅವುಗಳಲ್ಲಿ ಒಂದು ಇಲ್ಲವಾದರೂ ಅದು ಕಳಚಬೇಕಿದ್ದ ವಸ್ತು ಅಲ್ಲಿಯೇ ಕೂಡಿಬೀಳುತ್ತದೆ. ಪಾಂಪೆಯಲ್ಲಿ ಆಮ್ಲೀಯ ಆಲ್ಫಾ-ಗ್ಲುಕೋಸಿಡೇಸ್ ಇಲ್ಲದೆ ಗ್ಲೈಕೋಜನ್ ತುಂಬಿಕೊಂಡು ಹೃದಯದ ಹಾಗೂ ಮೈಕೈಗಳ ಸ್ನಾಯುಗಳು ಹಾಳಾಗುತ್ತವೆ. 1963ರಲ್ಲಿ ಆನ್ರಿ-ಜೆರಿ ಎರ್ಸ್ ಅವರು ಇದನ್ನು ತೋರಿಸಿದರು. ಇಂಥ ಲೈಸೊಸೋಮ್ ಕಾಯಿಲೆಗಳು ಒಟ್ಟು 70ರಷ್ಟಿವೆ.

ಹೊರಗಿನಿಂದ ಕೊಟ್ಟ ಕಿಣ್ವ ಆ ಚೀಲದವರೆಗೆ ಹೇಗೆ ತಲುಪೀತು? 1960ರ ದಶಕದ ಕೊನೆಯಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಾಲಯದಲ್ಲಿ ಹರ್ಲರ್ ಮತ್ತು ಹಂಟರ್ ಎಂಬ ಎರಡು ಬೇರೆ ಬೇರೆ ಕಾಯಿಲೆಗಳ ರೋಗಿಗಳ ಚರ್ಮದ ಕೋಶಗಳನ್ನು ಒಂದೇ ತಟ್ಟೆಯಲ್ಲಿ ಬೆಳೆಸಿದಾಗ, ಎರಡೂ ಬಗೆಯ ಕೋಶಗಳು ಪರಸ್ಪರರ ಕೊರತೆಯನ್ನು ನೀಗಿಸಿಕೊಂಡವು. ಒಂದರಿಂದ ಸೋರಿದ ಕಿಣ್ವವನ್ನು ಇನ್ನೊಂದು ಹೀರಿಕೊಂಡು ಸರಿಯಾಗಿ ಲೈಸೊಸೋಮ್‌ಗೇ ಒಯ್ಯುತ್ತಿತ್ತು. ಈ ಕ್ಷೇತ್ರದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಪ್ರಯೋಗ ಇದು. ಒಯ್ಯಲು ಬೇಕಾದ ವಿಳಾಸಚೀಟಿ ಯಾವುದೆಂಬುದು ಮುಂದಿನ ದಶಕದಲ್ಲಿ ತಿಳಿಯಿತು: ಕಿಣ್ವಕ್ಕೆ ಅಂಟಿದ ಸಕ್ಕರೆಯ ಕೊಂಬೆಯಲ್ಲಿರುವ ಮ್ಯಾನೋಸ್-6-ಫಾಸ್ಫೇಟ್. ಜೀವಕೋಶದ ಮೇಲ್ಮೈಯಲ್ಲಿರುವ ಗ್ರಾಹಕವೊಂದು ಈ ಚೀಟಿಯನ್ನು ಹಿಡಿದು ಕಿಣ್ವವನ್ನು ಒಳಗೆಳೆದುಕೊಳ್ಳುತ್ತದೆ, ಹುಳಿ ಹೆಚ್ಚಾದ ಕಡೆ ಬಿಟ್ಟುಬಿಡುತ್ತದೆ. ನಿಮ್ಮ ಸಂಬಂಧಿಕರ ಮಗುವಿಗೆ ಡ್ರಿಪ್‌ನಲ್ಲಿ ಹರಿಯುತ್ತಿರುವ ಔಷಧವು ಸ್ನಾಯುವನ್ನು ಸೇರುವುದು ಈ ಚೀಟಿಯ ಬಲದಿಂದ. ಸೇರಿದ ಕಿಣ್ವವೂ ಕಾಲಕ್ರಮದಲ್ಲಿ ಸವೆದುಹೋಗುವುದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಪ್ರಶ್ನೆ: ಇನ್ಸುಲಿನ್ ಅನ್ನು 1980ರ ದಶಕದಲ್ಲೇ ಯೀಸ್ಟ್‌ನಲ್ಲಿ ತಯಾರಿಸಿದವರು ಈ ಕಿಣ್ವಗಳನ್ನು ಇಂದಿಗೂ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲೇ ಏಕೆ ತಯಾರಿಸುತ್ತಾರೆ? ಅಡ್ಡಿ ಏನು?

ಬಂದ ಪತ್ರಗಳಲ್ಲಿ ಅತ್ಯಂತ ಮೊನಚಾದ ಪ್ರಶ್ನೆ ಇದು. ಇನ್ಸುಲಿನ್‌ಗೆ ಸಕ್ಕರೆಯ ಕೊಂಬೆಗಳು ಬೇಕಿಲ್ಲ, ಲೈಸೊಸೋಮ್ ಕಿಣ್ವಗಳಿಗೆ ಬೇಕು. ಅಡ್ಡಿ ಇರುವುದು ಆ ಕೊಂಬೆಯಲ್ಲಿ.

ಪ್ರೋಟೀನು ತಯಾರಾಗುತ್ತಿರುವಾಗಲೇ ಎಂಡೋಪ್ಲಾಸ್ಮಿಕ್ ಜಾಲದಲ್ಲಿ ಅದಕ್ಕೆ ಸಕ್ಕರೆಯ ಒಂದು ಕವಲೊಡೆದ ಕೊಂಬೆ ಅಂಟುತ್ತದೆ. ಅಲ್ಲಿಯವರೆಗೆ ಯೀಸ್ಟ್ ಮತ್ತು ಮನುಷ್ಯನ ನಡುವೆ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿಂದ ಗಾಲ್ಜಿಗೆ ಬಂದ ಮೇಲೆ ದಾರಿಗಳು ಬೇರೆಯಾಗುತ್ತವೆ. ಮನುಷ್ಯನ ಕೋಶವು ಆ ಕೊಂಬೆಯ ಮ್ಯಾನೋಸ್‌ಗಳನ್ನು ಸವರಿ, ಬೇರೆ ಸಕ್ಕರೆಗಳನ್ನು ಜೋಡಿಸುತ್ತದೆ. ಬೇಕರಿ ಯೀಸ್ಟ್ ಮಾತ್ರ ಸವರುವುದರ ಬದಲು ಬೆಳೆಸುತ್ತ ಹೋಗುತ್ತದೆ. ಒಸಿಎಚ್1 ಎಂಬ ಜೀನ್‌ನ ಕಿಣ್ವವು ಮೊದಲ ಮ್ಯಾನೋಸನ್ನು ನೆಟ್ಟು ದಾರಿ ತೆರೆದರೆ ಸಾಕು, ಉಳಿದ ಕಿಣ್ವಗಳು ಅದರ ಮೇಲೆ ಒಂದಾದ ಮೇಲೊಂದು ಮ್ಯಾನೋಸ್ ಪೇರಿಸುತ್ತವೆ. ಎಂಟೊಂಬತ್ತು ಮ್ಯಾನೋಸ್‌ಗಳ ಕೊಂಬೆ ಐವತ್ತು, ನೂರು, ಅದಕ್ಕಿಂತಲೂ ಹೆಚ್ಚು ಮ್ಯಾನೋಸ್‌ಗಳ ಪೊದೆಯಾಗುತ್ತದೆ. ತನ್ನ ಕೋಶಗೋಡೆಯನ್ನು ಕಟ್ಟಿಕೊಳ್ಳಲು ಯೀಸ್ಟ್‌ಗೆ ಇದು ಅಗತ್ಯ. ಆದರೆ ಅಂಥ ಪೊದೆ ಹೊತ್ತ ಪ್ರೋಟೀನು ಮನುಷ್ಯನ ರಕ್ತಕ್ಕೆ ಬಂದರೆ ಯಕೃತ್ತು ಅದನ್ನು ನಿಮಿಷಗಳಲ್ಲಿ ಗುಡಿಸಿಹಾಕುತ್ತದೆ, ಪ್ರತಿರಕ್ಷಣಾ ವ್ಯವಸ್ಥೆಯು ಪರಕೀಯವೆಂದು ಗುರುತಿಸುತ್ತದೆ.

ಹಾಗಾದರೆ ಯೀಸ್ಟ್ ಅನ್ನು ಬಿಟ್ಟೇಬಿಡಬಹುದಿತ್ತಲ್ಲ? ಬಿಡದಿರಲು ಕಾರಣವಾದದ್ದು ಯೀಸ್ಟ್‌ನದೇ ಒಂದು ಗುಣ. ಅದು ತನ್ನ ಮ್ಯಾನೋಸ್ ಕೊಂಬೆಗಳಿಗೆ ಅಲ್ಲಲ್ಲಿ ಫಾಸ್ಫೇಟ್ ಅಂಟಿಸುತ್ತದೆ, ಅದೂ ನಮಗೆ ಬೇಕಾದ ಆರನೆಯ ಇಂಗಾಲದ ಸ್ಥಾನದಲ್ಲಿಯೇ. ಆದರೆ ಆ ಫಾಸ್ಫೇಟಿನ ಇನ್ನೊಂದು ತುದಿಗೆ ಮತ್ತೊಂದು ಮ್ಯಾನೋಸ್ ಟೊಪ್ಪಿಗೆಯಂತೆ ಕೂತಿರುತ್ತದೆ. ಚೀಟಿ ಇದೆ, ಅದರ ಮೇಲೆ ಮುಚ್ಚಳವಿದೆ. ಗ್ರಾಹಕ ಅದನ್ನು ಓದಲಾರದು. ಮನುಷ್ಯನ ಕೋಶವೂ ಫಾಸ್ಫೇಟನ್ನು ಮೊದಲು ಮುಚ್ಚಳದೊಂದಿಗೇ ಅಂಟಿಸುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ನಮ್ಮಲ್ಲಿ ಆ ಮುಚ್ಚಳ ಎನ್-ಅಸಿಟೈಲ್ ಗ್ಲುಕೋಸಮೀನ್ ಎಂಬ ಸಕ್ಕರೆ, ಅದನ್ನು ತೆಗೆಯಲು ನಮ್ಮ ಗಾಲ್ಜಿಯಲ್ಲಿ ಪ್ರತ್ಯೇಕ ಕಿಣ್ವವಿದೆ. ಯೀಸ್ಟ್‌ಗೆ ಮುಚ್ಚಳ ತೆಗೆಯುವ ಅಗತ್ಯವಿಲ್ಲ, ಆದ್ದರಿಂದ ಅಂಥ ಕಿಣ್ವವೂ ಇಲ್ಲ.

ಇದನ್ನು ಅರಿತ ಜಪಾನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಕೆಲಸ ಈ ದಾರಿಯ ಮೊದಲ ಗಟ್ಟಿ ಹೆಜ್ಜೆ. ಅವರು ಬೇಕರಿ ಯೀಸ್ಟ್‌ನ ಒಸಿಎಚ್1 ಜೀನನ್ನು ಕಿತ್ತುಹಾಕಿ ಪೊದೆ ಬೆಳೆಯದಂತೆ ಮಾಡಿದರು. ಎಂಎನ್‌ಎನ್1 ಎಂಬ ಇನ್ನೊಂದನ್ನೂ ತೆಗೆದು ಯೀಸ್ಟ್‌ನದೇ ವಿಶಿಷ್ಟ ತುದಿಯನ್ನು ಇಲ್ಲವಾಗಿಸಿದರು. ಫಾಸ್ಫೇಟ್ ಅಂಟಿಸುವುದನ್ನು ಉತ್ತೇಜಿಸುವ ಎಂಎನ್‌ಎನ್4 ಜೀನಿನ ಕೆಲಸವನ್ನು ಹೆಚ್ಚಿಸಿದರು. ಇಂಥ ಯೀಸ್ಟ್‌ನಲ್ಲಿ ಫ್ಯಾಬ್ರಿ ಕಾಯಿಲೆಯವರಲ್ಲಿ ಇಲ್ಲದ ಆಲ್ಫಾ-ಗ್ಯಾಲಕ್ಟೋಸಿಡೇಸ್ ಕಿಣ್ವವನ್ನು ತಯಾರಿಸಿ, ಮಣ್ಣಿನ ಬ್ಯಾಕ್ಟೀರಿಯಾವೊಂದರ ಮ್ಯಾನೋಸಿಡೇಸ್‌ನಿಂದ ಮುಚ್ಚಳ ತೆಗೆದರು. ಫ್ಯಾಬ್ರಿ ರೋಗಿಗಳ ಚರ್ಮದ ಕೋಶಗಳು ಆ ಕಿಣ್ವವನ್ನು ಒಳಗೆಳೆದುಕೊಂಡವು, ಕೂಡಿಬಿದ್ದಿದ್ದ ಕೊಬ್ಬು ಕರಗಿತು.

2012ರಲ್ಲಿ ಬೆಲ್ಜಿಯಂನ ತಂಡವೊಂದು ಯಾರೋವಿಯಾ ಲಿಪೊಲಿಟಿಕಾ ಎಂಬ ಬೇರೊಂದು ಯೀಸ್ಟ್‌ನಲ್ಲಿ ಪಾಂಪೆಯ ಕಿಣ್ವವನ್ನು ಇದೇ ತತ್ತ್ವದಲ್ಲಿ ತಯಾರಿಸಿತು. ಮುಚ್ಚಳ ತೆಗೆಯುವುದಕ್ಕೆ ಅವರಿಗೆ ಸಿಕ್ಕಿದ ಬ್ಯಾಕ್ಟೀರಿಯಾ ಕಿಣ್ವ ಹೆಚ್ಚು ಚುರುಕಾಗಿತ್ತು; ಅದರ ರಚನೆಯನ್ನೂ ಬಿಡಿಸಿ, ಅದು ಮುಚ್ಚಳವನ್ನು ಹೇಗೆ ಗುರುತಿಸುತ್ತದೆಂದು ತೋರಿಸಿದರು. ಹಾಗೆ ತಯಾರಾದ ಕಿಣ್ವದಲ್ಲಿ ವಿಳಾಸಚೀಟಿಗಳು ಬಹಳವಾಗಿದ್ದವು, ಪಾಂಪೆ ಕಾಯಿಲೆಯ ಇಲಿಗಳ ಹೃದಯದಲ್ಲಿ ಗ್ಲೈಕೋಜನ್ ಇಳಿಯಿತು. ಇಲ್ಲಿ ಚೀಟಿಗಳ ಸಂಖ್ಯೆಗೆ ಏಕಿಷ್ಟು ಮಹತ್ವವೆಂದರೆ, 2006ರಲ್ಲಿ ಬಂದ ಮೊದಲ ಪಾಂಪೆ ಔಷಧದ ಕೊರತೆ ಅದೇ ಆಗಿತ್ತು. ಹ್ಯಾಮ್‌ಸ್ಟರ್ ಕೋಶಗಳು ಆ ಕಿಣ್ವಕ್ಕೆ ಚೀಟಿಗಳನ್ನು ಬಹಳ ಕಡಿಮೆ ಅಂಟಿಸುತ್ತಿದ್ದವು, ಕೊಟ್ಟ ಔಷಧದ ಬಹುಪಾಲು ಸ್ನಾಯುವಿಗೆ ಹೋಗದೆ ಯಕೃತ್ತಿಗೆ ಹೋಗುತ್ತಿತ್ತು. 2021ರಲ್ಲಿ ಬಂದ ಅವಾಲ್‌ಗ್ಲುಕೋಸಿಡೇಸ್‌ನಲ್ಲಿರುವುದೂ ಅದೇ ಕಿಣ್ವ. ರಾಸಾಯನಿಕ ಕ್ರಮದಿಂದ ಹೆಚ್ಚು ಚೀಟಿಗಳನ್ನು ಅಂಟಿಸಿರುವುದೇ ವ್ಯತ್ಯಾಸ.

ಇಷ್ಟಾದರೂ ಲೈಸೊಸೋಮ್ ಕಾಯಿಲೆಗೆಂದು ಯೀಸ್ಟ್‌ನಲ್ಲಿ ತಯಾರಾದ ಯಾವ ಕಿಣ್ವವೂ ಇದನ್ನು ಬರೆಯುವ ಹೊತ್ತಿಗೆ ಮಾರುಕಟ್ಟೆಗೆ ಬಂದಿಲ್ಲ. ಪೊದೆ ಕತ್ತರಿಸಿದ ಯೀಸ್ಟ್‌ನ ಕೋಶಗೋಡೆ ದುರ್ಬಲವಾಗುತ್ತದೆ, ಅದು ನಿಧಾನವಾಗಿ ಬೆಳೆಯುತ್ತದೆ, ಬಿಸಿಗೆ ಬೇಗ ಸೋಲುತ್ತದೆ. ಪ್ರೋಟೀನಿನ ಸೆರಿನ್, ಥ್ರಿಯೊನಿನ್ ಅಮೈನೋ ಆಮ್ಲಗಳಿಗೂ ಯೀಸ್ಟ್ ನೇರವಾಗಿ ಮ್ಯಾನೋಸ್ ಅಂಟಿಸುವ ಇನ್ನೊಂದು ಅಭ್ಯಾಸವಿದೆ, ಅದನ್ನು ಪೂರ್ತಿ ನಿಲ್ಲಿಸಿದರೆ ಯೀಸ್ಟ್ ಬದುಕುವುದಿಲ್ಲ. ಮೇಲಾಗಿ ಹ್ಯಾಮ್‌ಸ್ಟರ್ ಕೋಶಗಳ ಮಾರ್ಗ ಆಗಲೇ ರೋಗಿಗಳಲ್ಲಿ ಸಾಬೀತಾಗಿದೆ.

ಪ್ರಶ್ನೆ: ಎಲ್ಲ ಲೈಸೊಸೋಮ್ ಕಾಯಿಲೆಗಳಿಗೂ ಈ ಮ್ಯಾನೋಸ್-6-ಫಾಸ್ಫೇಟ್ ಬೇಕೇ? ಗೌಚರ್ ಕಾಯಿಲೆಗೆ ಕ್ಯಾರೆಟ್ ಕೋಶಗಳಲ್ಲಿ ತಯಾರಿಸಿದ ಔಷಧವಿದೆ ಎಂದು ಓದಿದ ನೆನಪು.

ನಿಮ್ಮ ನೆನಪು ಸರಿಯಾಗಿದೆ. ಗೌಚರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವುದು ಮುಖ್ಯವಾಗಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಲ್ಲಿ. ಅವುಗಳ ಮೈಮೇಲೆ ಬರಿಯ ಮ್ಯಾನೋಸನ್ನೇ ಹಿಡಿಯುವ ಗ್ರಾಹಕಗಳಿರುವುದರಿಂದ ಫಾಸ್ಫೇಟಿನ ಹಂಗಿಲ್ಲ. ರಾಸ್ಕೋ ಬ್ರೇಡಿ ಅವರು 1960ರ ದಶಕದಲ್ಲಿ ಈ ಕಾಯಿಲೆಯ ಕೊರತೆಯನ್ನು ಗುರುತಿಸಿ, ಮುಂದೆ ಹೆರಿಗೆಯ ನಂತರದ ಮಾಸುಗಳಿಂದ ಆ ಕಿಣ್ವವನ್ನು ತೆಗೆದು ಪ್ರಯತ್ನಿಸಿದರು. ಮೊದಮೊದಲು ಫಲ ಕಂಡದ್ದು ಅಷ್ಟಕ್ಕಷ್ಟೇ. ಕಿಣ್ವದ ಕೊಂಬೆಯ ತುದಿಯ ಸಕ್ಕರೆಗಳನ್ನು ಸವರಿ ಒಳಗಿನ ಮ್ಯಾನೋಸ್ ಹೊರಗೆ ಕಾಣುವಂತೆ ಮಾಡಿದ ಮೇಲಷ್ಟೇ ರೋಗಿಗಳ ಊದಿದ ಗುಲ್ಮ ಇಳಿಯತೊಡಗಿತು, ರಕ್ತಹೀನತೆ ನೀಗತೊಡಗಿತು. 1991ರಲ್ಲಿ ಅದು ಔಷಧವಾಯಿತು. ಒಬ್ಬ ರೋಗಿಗೆ ವರ್ಷಕ್ಕೆ ಸಾವಿರಾರು ಮಾಸುಗಳು ಬೇಕಾಗುತ್ತಿದ್ದವು. 1994ರಲ್ಲಿ ಹ್ಯಾಮ್‌ಸ್ಟರ್ ಕೋಶಗಳಿಂದ ಬಂದ ಕಿಣ್ವ ಆ ಅವಲಂಬನೆಯನ್ನು ತಪ್ಪಿಸಿತು. 2012ರ ಕ್ಯಾರೆಟ್ ಕೋಶದ ಔಷಧದಲ್ಲಿ ಮ್ಯಾನೋಸ್ ತಾನಾಗಿಯೇ ಹೊರಗೆ ಕಾಣುವುದರಿಂದ ಸವರುವ ಕೆಲಸವೂ ಉಳಿಯಿತು. ಮ್ಯಾನೋಸ್‌ನ ಆಗರವಾದ ಯೀಸ್ಟ್‌ಗೆ ಈ ಕಾಯಿಲೆ ಸಹಜವಾಗಿ ಒಪ್ಪುವ ಗುರಿ, ಕೊಂಬೆ ಗಿಡ್ಡದಾಗಿಯೇ ಉಳಿದರೆ.

ಪ್ರಶ್ನೆ: ನಾನು ಜೀವವಿಜ್ಞಾನದ ವಿದ್ಯಾರ್ಥಿನಿ. ಯೀಸ್ಟ್‌ನಿಂದ ಪ್ರೋಟೀನು ತೆಗೆಯುವ ಕೆಲಸ ಕಣ್ಣಾರೆ ಹೇಗಿರುತ್ತದೆ ಎಂದು ವಿವರಿಸುವಿರಾ?

ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟ್‌ನ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ದಿನ ಉಕ್ಕಿನ ಪಾತ್ರೆಯಲ್ಲಿ ಗ್ಲಿಸರಾಲ್ ಉಣಿಸಿ ಅದನ್ನು ಬೆಳೆಸುತ್ತಾರೆ. ತಿಳಿಯಾಗಿದ್ದ ದ್ರಾವಣ ಮರುದಿನಕ್ಕೆ ಗಟ್ಟಿ ಗಂಜಿಯಂತಾಗಿರುತ್ತದೆ. ಮಾದರಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೊಳವೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಯೀಸ್ಟ್‌ನ ಕೆನೆಬಣ್ಣದ ಗಷ್ಟೇ ಕೂರಬಹುದು. ಗ್ಲಿಸರಾಲ್ ಮುಗಿದ ಮೇಲೆ ಮೆಥನಾಲ್ ಅನ್ನು ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಮೆಥನಾಲ್ ಸೋಕಿದೊಡನೆ ಎಚ್ಚರಗೊಳ್ಳುವ ಎಒಎಕ್ಸ್1 ಎಂಬ ಸ್ವಿಚ್ಚಿನ ಹಿಂದೆ ನಮ್ಮ ಜೀನ್ ಇರುತ್ತದೆ. ಆಗ ಮಾಡುವ ಒಂದು ಪರೀಕ್ಷೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮೆಥನಾಲ್ ಪಂಪನ್ನು ಕೆಲವು ಕ್ಷಣ ನಿಲ್ಲಿಸಿ ಕರಗಿದ ಆಮ್ಲಜನಕದ ಅಂಕಿಯನ್ನೇ ದಿಟ್ಟಿಸುತ್ತಾರೆ. ಅಂಕಿ ಥಟ್ಟನೆ ಮೇಲಕ್ಕೆ ಜಿಗಿದರೆ, ಕೊಟ್ಟದ್ದನ್ನೆಲ್ಲ ಯೀಸ್ಟ್ ತಿಂದು ಮುಗಿಸಿದೆ, ಈಗ ಉಸಿರಾಟವನ್ನು ತಗ್ಗಿಸಿದೆ ಎಂದರ್ಥ. ಅಂಕಿ ಕದಲದಿದ್ದರೆ ಪಾತ್ರೆಯಲ್ಲಿ ಮೆಥನಾಲ್ ಉಳಿದು ವಿಷವಾಗುತ್ತಿದೆ, ಉಣಿಸುವ ವೇಗ ತಗ್ಗಿಸಬೇಕು.

ಪ್ರೋಟೀನಿನ ತಲೆಗೆ ಜೋಡಿಸಿರುವ ಒಂದು ಸಂಕೇತದ ತುಣುಕು ಅದನ್ನು ಕೋಶದಿಂದ ಹೊರಗೆ ಕಳಿಸುತ್ತದೆ, ಹೊರಡುವ ಮುನ್ನ ಆ ತುಣುಕು ಕತ್ತರಿಸಿಹೋಗುತ್ತದೆ. ಹಾಗಾಗಿ ಕೋಶಗಳನ್ನು ಒಡೆಯದೆಯೇ, ಸುತ್ತಲಿನ ದ್ರವದಿಂದಲೇ ಪ್ರೋಟೀನನ್ನು ಸಂಗ್ರಹಿಸಬಹುದು. ಪಿಕಿಯಾ ತನ್ನ ಸ್ವಂತ ಪ್ರೋಟೀನುಗಳನ್ನು ಹೆಚ್ಚಾಗಿ ಹೊರಹಾಕುವುದಿಲ್ಲವಾದ್ದರಿಂದ ಆ ದ್ರವ ಮೊದಲೇ ತಕ್ಕಮಟ್ಟಿಗೆ ಶುದ್ಧವಾಗಿರುತ್ತದೆ. ನಂತರ ಸೋಸುವಿಕೆ, ಕ್ರೊಮಟೋಗ್ರಫಿಯ ಹಲವು ಹಂತಗಳು, ನಮ್ಮ ವಿಷಯದಲ್ಲಿ ಮುಚ್ಚಳ ತೆಗೆಯುವ ಹಂತ, ಮತ್ತೆ ಶುದ್ಧೀಕರಣ.

ಪ್ರಶ್ನೆ: ಯೀಸ್ಟ್ ಅಲರ್ಜಿ ಇರುವವರಿಗೆ ಇಂಥ ಔಷಧ ಅಪಾಯವಲ್ಲವೇ?

ಶುದ್ಧೀಕರಣದ ನಂತರ ಯೀಸ್ಟ್ ಜೀವಕೋಶಗಳು ಉಳಿದಿರುವುದಿಲ್ಲ, ಆದರೆ ಅತ್ಯಲ್ಪ ಪ್ರಮಾಣದ ಯೀಸ್ಟ್ ಪ್ರೋಟೀನು ಇರಬಹುದು. ಸ್ಯಾಕ್ರೋಸಿಡೇಸ್ ಸ್ವತಃ ಯೀಸ್ಟ್‌ನ ಪ್ರೋಟೀನಾದ್ದರಿಂದ ಯೀಸ್ಟ್ ಅಲರ್ಜಿ ಇರುವವರಿಗೆ ಅದನ್ನು ಕೊಡಬಾರದು. ಅಲರ್ಜಿಯ ವಿಚಾರವನ್ನು ವೈದ್ಯರಿಗೆ ಮೊದಲೇ ತಿಳಿಸಿ.

ದೊಡ್ಡ ತೊಡಕು ಬೇರೆಯದು, ಅದು ಯಾವ ಕೋಶದಲ್ಲಿ ತಯಾರಿಸಿದರೂ ತಪ್ಪದು. ಹುಟ್ಟಿನಿಂದ ಆ ಕಿಣ್ವವನ್ನು ಕಿಂಚಿತ್ತೂ ತಯಾರಿಸದ ಮಗುವಿನ ದೇಹಕ್ಕೆ ಅದು ಮನುಷ್ಯನದೇ ಆದರೂ ಹೊರಗಿನದಾಗಿ ತೋರುತ್ತದೆ. ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ ಔಷಧವನ್ನೇ ನಿಷ್ಫಲಗೊಳಿಸಬಹುದು. ಶೈಶವದ ಪಾಂಪೆಯಲ್ಲಿ ಇದು ಜೀವನ್ಮರಣದ ವಿಷಯವಾಗುವುದರಿಂದ, ಮಗುವಿನಲ್ಲಿ ಆ ಕಿಣ್ವದ ಕುರುಹು ಇದೆಯೇ ಎಂದು ಮೊದಲೇ ಪರೀಕ್ಷಿಸಿ, ಇಲ್ಲದಿದ್ದರೆ ಪ್ರತಿರಕ್ಷೆಯನ್ನು ಹದಗೊಳಿಸುವ ಔಷಧಗಳನ್ನೂ ಜೊತೆಗೆ ಕೊಡುತ್ತಾರೆ.

ಪ್ರಶ್ನೆ: ಫಿನೈಲ್‌ಕೀಟೊನ್ಯೂರಿಯಾದಲ್ಲಿಯೂ ಒಂದು ಕಿಣ್ವವೇ ಇಲ್ಲದಿರುವುದು. ಅದಕ್ಕೂ ಇದೇ ದಾರಿಯೇ?

ಅಲ್ಲಿ ಸಮಸ್ಯೆ ಲೈಸೊಸೋಮ್‌ನಲ್ಲಿಲ್ಲ, ರಕ್ತದಲ್ಲಿ ಏರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಲ್ಲಿದೆ. ಆದ್ದರಿಂದ ವಿಳಾಸಚೀಟಿ ಬೇಡ, ರಕ್ತದಲ್ಲೋ ಚರ್ಮದಡಿಯಲ್ಲೋ ಇದ್ದುಕೊಂಡೇ ಫಿನೈಲ್‌ಅಲನಿನ್ ಅನ್ನು ಒಡೆದರೆ ಸಾಕು. ಮನುಷ್ಯನ ಕಿಣ್ವಕ್ಕೆ ಕೆಲಸ ಮಾಡಲು ಸಹಕಾರಿ ವಸ್ತುವೊಂದು ಬೇಕಾಗುವುದರಿಂದ, ಅದರ ಬದಲು ಫಿನೈಲ್‌ಅಲನಿನ್ ಅಮೋನಿಯಾ ಲಯೇಸ್ ಎಂಬ ಬೇರೆಯ ಕಿಣ್ವವನ್ನು ಆರಿಸಿಕೊಂಡರು. ಆರಂಭದ ವರ್ಷಗಳಲ್ಲಿ ಪರೀಕ್ಷಿಸಿದ್ದು ರೋಡೊಸ್ಪೊರಿಡಿಯಂ ಎಂಬ ಕೆಂಪು ಯೀಸ್ಟ್‌ನ ಕಿಣ್ವವನ್ನು. ಕೊನೆಗೆ 2018ರಲ್ಲಿ ಔಷಧವಾಗಿ ಬಂದ ಪೆಗ್‌ವಾಲಿಯೇಸ್‌ನಲ್ಲಿರುವುದು ಸಯನೊಬ್ಯಾಕ್ಟೀರಿಯಾದ ಕಿಣ್ವ, ತಯಾರಾಗುವುದು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ. ಸಕ್ಕರೆಯ ಕೊಂಬೆ ಬೇಕಿಲ್ಲದ ಕಡೆ ಯೀಸ್ಟ್‌ಗೆ ವಿಶೇಷ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪ್ರಶ್ನೆ: ಯೀಸ್ಟ್‌ನಿಂದ ತಯಾರಾದರೆ ಬೆಲೆ ಇಳಿಯುವುದೇ? ಮಿದುಳಿಗೂ ತಲುಪುವುದೇ? ಅಲ್ಲಿಯವರೆಗೆ ಕಾಯಬಹುದೇ? ನನ್ನ ಎರಡನೆಯ ಮಗುವಿನ ಬಗ್ಗೆಯೂ ಭಯವಿದೆ.

ತಯಾರಿಕೆಯ ವೆಚ್ಚ ಇಳಿಯಲು ಕಾರಣಗಳಿವೆ. ಹ್ಯಾಮ್‌ಸ್ಟರ್ ಕೋಶ ದ್ವಿಗುಣಗೊಳ್ಳಲು ಸುಮಾರು ಒಂದು ದಿನ ಬೇಕು, ಯೀಸ್ಟ್‌ಗೆ ಎರಡು ಗಂಟೆಯ ಆಸುಪಾಸು ಸಾಕು. ಅದರ ಆಹಾರ ಸರಳ, ಪ್ರಾಣಿಕೋಶಗಳನ್ನು ಕಾಡುವ ವೈರಸ್‌ಗಳು ಅದನ್ನು ಕಾಡುವುದಿಲ್ಲ. 2009ರಲ್ಲಿ ಹ್ಯಾಮ್‌ಸ್ಟರ್ ಕೋಶಗಳನ್ನು ಬೆಳೆಸುತ್ತಿದ್ದ ಅಮೆರಿಕದ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಥ ವೈರಸ್ ಸೇರಿಕೊಂಡು ಉತ್ಪಾದನೆ ನಿಂತಾಗ, ಹಲವು ದೇಶಗಳ ಗೌಚರ್ ಮತ್ತು ಫ್ಯಾಬ್ರಿ ರೋಗಿಗಳು ತಿಂಗಳುಗಟ್ಟಲೆ ಕಡಿಮೆ ಪ್ರಮಾಣದ ಔಷಧದಲ್ಲಿ ದಿನ ದೂಡಬೇಕಾಯಿತು. ಒಂದೇ ಬಗೆಯ ಕೋಶವನ್ನು, ಒಂದೇ ಕಾರ್ಖಾನೆಯನ್ನು ನೆಚ್ಚಿಕೊಳ್ಳುವುದು ಎಷ್ಟು ಅಪಾಯಕರ ಎಂಬುದನ್ನು ಆ ವರ್ಷ ಕಂಡವರು ಯೀಸ್ಟ್‌ನ ದಾರಿಯನ್ನು ಹಗುರವಾಗಿ ಕಾಣಲಾರರು. ಆದರೆ ರೋಗಿಗಳು ವಿರಳವಾಗಿರುವುದರಿಂದ ಸಂಶೋಧನೆ, ಪರೀಕ್ಷೆ, ಅನುಮತಿಗಳ ಖರ್ಚೆಲ್ಲ ಕೆಲವರ ಮೇಲೇ ಬೀಳುತ್ತದೆ. ತಯಾರಿಕೆ ಅಗ್ಗವಾದ ಮಾತ್ರಕ್ಕೆ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ನಾನು ಭರವಸೆ ಕೊಡಲಾರೆ.

ಮಿದುಳಿನ ವಿಷಯದಲ್ಲಿ ಯೀಸ್ಟ್ ಏನನ್ನೂ ಬದಲಿಸುವುದಿಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಇಷ್ಟು ದೊಡ್ಡ ಪ್ರೋಟೀನುಗಳು ದಾಟುವುದಿಲ್ಲ, ಅವು ಎಲ್ಲಿ ತಯಾರಾದವು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸಿಎಲ್‌ಎನ್2 ಎಂಬ ಮಿದುಳಿನ ಕಾಯಿಲೆಗೆ 2017ರಲ್ಲಿ ಮನ್ನಣೆ ಪಡೆದ ಕಿಣ್ವವನ್ನು ಅದಕ್ಕಾಗಿಯೇ ತಲೆಯಲ್ಲಿ ಅಳವಡಿಸಿದ ಸಾಧನದ ಮೂಲಕ ಮಿದುಳಿನ ದ್ರವಕ್ಕೇ ಬಿಡಲಾಗುತ್ತದೆ.

ದಯವಿಟ್ಟು ಕಾಯಬೇಡಿ. ಪಾಂಪೆಯಂಥ ಕಾಯಿಲೆಯಲ್ಲಿ ಒಮ್ಮೆ ನಾಶವಾದ ಸ್ನಾಯುವನ್ನು ಯಾವ ಕಿಣ್ವವೂ ಮರಳಿ ತರುವುದಿಲ್ಲ; ಇಂದು ದೊರೆಯುತ್ತಿರುವ ಔಷಧವನ್ನು ಬೇಗ ಆರಂಭಿಸಿದಷ್ಟೂ ಉಳಿಯುವ ಸ್ನಾಯು ಹೆಚ್ಚು. ಎರಡನೆಯ ಮಗುವಿನ ಕುರಿತು: ತಂದೆತಾಯಿ ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿಯನ್ನು ಹೊತ್ತಿರುವ ಪಾಂಪೆ, ಗೌಚರ್, ಹರ್ಲರ್‌ಗಳಲ್ಲಿ ಪ್ರತಿ ಗರ್ಭಧಾರಣೆಯಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು, ಮೊದಲ ಮಗುವಿಗೆ ಬಂದಿದೆ ಎಂಬುದರಿಂದ ಅದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಫ್ಯಾಬ್ರಿ ಮತ್ತು ಹಂಟರ್‌ಗಳಲ್ಲಿ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಲೆಕ್ಕ ಬೇರೆ, ತಾಯಿಯ ಕಡೆಯ ಗಂಡುಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ. ಪಾಂಪೆಯಲ್ಲಿ ಹುಟ್ಟಿದ ಮಗುವಿನ ಒಣಗಿದ ರಕ್ತದ ಒಂದು ಚುಕ್ಕೆಯಲ್ಲೇ ಕಿಣ್ವದ ಮಟ್ಟವನ್ನು ಅಳೆಯಬಹುದು, ಕಡಿಮೆಯಿದ್ದರೆ ಜೀನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಎರಡನೆಯ ಮಗುವಿಗೆ ಈ ಪರೀಕ್ಷೆಯನ್ನು ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ, ಈ ವಾರವೇ ಮಾಡಿಸಿ.